ಅಕ್ಕನನ್ನು ಹುಡುಕುವ ಸೂತ್ರ



ನಾಗಪುರದಲ್ಲಿ ಹುಟ್ಟಿ ಬೆಳೆದ ನಿಮ್ಮ ಬಾಯಲ್ಲಿ ಅಣ್ಣ ‘ದಾದಾ’ ಆಗಿದ್ದಾನೆ, ಅಕ್ಕ ‘ತಾಈ’ ಆಗಿದ್ದಾಳೆ. (ಊರಿನಿಂದ ಬಂದ ಅಜ್ಜಿಗೆ ಅದು ‘ತಾಯಿ’ ಎಂದು ಕೇಳಿಸುವುದು ಬೇರೆ ಮಾತು!) ನಾನು ಬಿ.ಎ.ಗೆ ಓದಿದ ಇಂಗ್ಲಿಷಿನಲ್ಲಂತೂ ‘ಸಿಸ್ಟರ್’ ಎಂದರೆ ಹಿರಿಯಳೋ ಕಿರಿಯಳೋ ತಿಳಿಯದು. ಕನ್ನಡದಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ನಾಲ್ಕು ಪದಗಳಿವೆ. ಸಂದೇಹಕ್ಕೆ ಎಡೆಯೇ ಇಲ್ಲ.

ಈ ನಾಲ್ಕು ಪದ ಬಲ್ಲವರಿಗೆ ಸಿ.ಎಸ್.ಎಸ್.ನ ಒಂದು ಹಳೆಯ ತೊಡಕು ಬೇಗ ಅರ್ಥವಾಗುತ್ತದೆ. ವೆಬ್ ಪುಟಕ್ಕೆ ಬಣ್ಣ, ಅಳತೆ, ಅಂದ ಕೊಡುವ ಈ ಭಾಷೆಯನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಸೂಚಿಸಿದರು. ಪುಟದ ಭಾಗಗಳೆಲ್ಲ ಅದಕ್ಕೆ ಒಂದು ಕುಟುಂಬ: ಒಂದೇ ಪೆಟ್ಟಿಗೆಯೊಳಗಿನವು ಒಡಹುಟ್ಟಿದವು, ಮೊದಲು ಬರೆದದ್ದು ಹಿರಿದು, ಆಮೇಲೆ ಬರೆದದ್ದು ಕಿರಿದು. 1998ರ ಎರಡನೆಯ ಆವೃತ್ತಿಯಲ್ಲಿ ‘+’ ಚಿಹ್ನೆ ಬಂತು. ‘ಲೇಬಲ್ + ಇನ್‌ಪುಟ್’ ಎಂದರೆ ಲೇಬಲ್ಲಿನ ಬೆನ್ನಿಗೇ ಹುಟ್ಟಿದ ಇನ್‌ಪುಟ್. ‘~’ ಚಿಹ್ನೆ ನಂತರ ಬಂದದ್ದು. ಅದು ಆಮೇಲೆ ಹುಟ್ಟಿದ ಎಲ್ಲ ಕಿರಿಯರನ್ನೂ ಹಿಡಿಯುತ್ತದೆ. ಆದರೆ ತಮ್ಮನನ್ನು ತೋರಿಸಿ ‘ಇವನ ಅಕ್ಕನಿಗೆ ಕೆಂಪು ಬಳಿ’ ಎನ್ನಲು ದಾರಿಯೇ ಇರಲಿಲ್ಲ!

ಕಾರಣ ಹಟವಲ್ಲ. ಬ್ರೌಸರ್ ಪುಟ ಪೂರ್ತಿ ಬರುವ ತನಕ ಕಾಯುವುದಿಲ್ಲ, ಬಂದಷ್ಟನ್ನು ಬಿಡಿಸುತ್ತಾ ಹೋಗುತ್ತದೆ. ಕಿರಿಯನನ್ನು ನೋಡಿ ಹಿರಿಯಳ ಬಣ್ಣ ನಿಶ್ಚಯಿಸಬೇಕಾದರೆ ಬಿಡಿಸಿದ್ದನ್ನು ಅಳಿಸಿ ಮತ್ತೆ ಬಿಡಿಸಬೇಕು. ಪುಟ ನಿಧಾನವಾಗುತ್ತದೆ ಎಂಬ ಅಂಜಿಕೆ.

ಇದರಿಂದ ಯಾರಿಗೆ ತೊಂದರೆ ಎನ್ನುತ್ತೀರಾ? ಸಂಘದ ಸದಸ್ಯತ್ವದ ಅರ್ಜಿಯನ್ನೇ ನೆನೆಯಿರಿ. ಮೇಲೆ ‘ಇ-ಮೇಲ್’ ಎಂಬ ಲೇಬಲ್, ಕೆಳಗೆ ತುಂಬುವ ಚೌಕ. ತಪ್ಪಾಗಿ ತುಂಬಿದರೆ ಲೇಬಲ್ ಕೆಂಪಾಗಬೇಕು. ಜಾವಾಸ್ಕ್ರಿಪ್ಟ್ ಬಲ್ಲವರು ಅದರಿಂದ ಮಾಡಿಕೊಂಡರು. ಇನ್ನು ಕೆಲವರು ಜಾಣತನ ತೋರಿದರು: ಚೌಕವನ್ನು ಮೊದಲು, ಲೇಬಲನ್ನು ಆಮೇಲೆ ಬರೆದು, ತೆರೆಯ ಮೇಲೆ ಮಾತ್ರ ಅದಲು ಬದಲು ಮಾಡಿದರು. ಕಣ್ಣಿಗೇನೋ ಎಲ್ಲ ಸರಿ. ಆದರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಬರೆದ ಕ್ರಮದಲ್ಲೇ ಓದುತ್ತದೆ. ಅವರಿಗೆ ಮೊದಲು ಚೌಕ, ಆಮೇಲೆ ಅದರ ಹೆಸರು! ದೃಷ್ಟಿ ಇರುವವರ ಅಂದಕ್ಕಾಗಿ ದೃಷ್ಟಿ ಇಲ್ಲದವರ ದಾರಿ ತಪ್ಪಿಸುವುದು ನನಗೆ ಒಪ್ಪುವ ಮಾತಲ್ಲ.

ಈಗ ಅದರ ಅವಶ್ಯಕತೆ ತೀರಿದೆ. ‘:ಹ್ಯಾಸ್’ ಎಂಬ ಸೂತ್ರ 2022ರ ಮಾರ್ಚಿನಲ್ಲಿ ಸಫಾರಿಗೆ, ಅದೇ ಆಗಸ್ಟಿನಲ್ಲಿ ಕ್ರೋಮ್‌ಗೆ, 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್‌ಗೆ ಬಂತು. ಅದರ ರೂಪ ಹೀಗೆ (ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ):

ಲೇಬಲ್:ಹ್ಯಾಸ್(+ ಇನ್‌ಪುಟ್:ಯೂಸರ್-ಇನ್‌ವ್ಯಾಲಿಡ್)

ಅಂದರೆ, ಯಾವ ಲೇಬಲ್ಲಿನ ಬೆನ್ನಿಗೇ ತಪ್ಪು ತುಂಬಿದ ಚೌಕ ಇದೆಯೋ ಆ ಲೇಬಲ್. ತಮ್ಮನ ಗುರುತಿನಿಂದ ಅಕ್ಕ ಸಿಕ್ಕಳು. ‘+’ ಬದಲು ‘~’ ಹಾಕಿದರೆ ಆ ಚೌಕಕ್ಕಿಂತ ಮೊದಲಿನ ಲೇಬಲ್‌ಗಳೆಲ್ಲವೂ ಸಿಗುತ್ತವೆ. ಇಲ್ಲಿ ಅದು ಬೇಡ. ಬರೀ ‘ಇನ್‌ವ್ಯಾಲಿಡ್’ ಎಂದು ಬರೆದರೆ, ಕಡ್ಡಾಯವಾಗಿ ತುಂಬಬೇಕಾದ ಚೌಕ ಖಾಲಿ ಇರುವಾಗಲೇ, ಪುಟ ತೆರೆದೊಡನೆ ಕೆಂಪಾಗುತ್ತದೆ. ಮನೆಗೆ ಬಂದ ಅತಿಥಿಯನ್ನು ಬಾಗಿಲಲ್ಲೇ ಗದರಿದ ಹಾಗೆ. ‘ಯೂಸರ್’ ಸೇರಿಸಿದರೆ ಅವರು ತುಂಬುವ ತನಕ ಕಾಯುತ್ತದೆ. ಕೆಂಪು ಬಣ್ಣವೊಂದೇ ಸಾಲದು, ತಪ್ಪೇನೆಂದು ಅಕ್ಷರದಲ್ಲೂ ತಿಳಿಸಿ. ಬಣ್ಣ ಕಿವಿಗೆ ಕೇಳಿಸುವುದಿಲ್ಲವಲ್ಲ.

ನಿಮ್ಮ ಅಜ್ಜ ಅಜ್ಜಿಯರ ಹಳೆಯ ಫೋನುಗಳಿಗೆ ಈ ಸೂತ್ರ ತಿಳಿಯದಿರಬಹುದು. ಆಗ ಅವು ಆ ನಿಯಮವನ್ನು ಬಿಟ್ಟು ಮುಂದೆ ಹೋಗುತ್ತವೆ, ಪುಟ ಕೆಡುವುದಿಲ್ಲ. ಆದರೆ ಅಲ್ಪವಿರಾಮ ಹಾಕಿ ಬೇರೆ ಸೂತ್ರಗಳ ಜೊತೆ ಒಂದೇ ಸಾಲಿನಲ್ಲಿ ಪೋಣಿಸಿದರೆ, ತಿಳಿಯದ ಒಂದರಿಂದ ಇಡೀ ಸಾಲೇ ವ್ಯರ್ಥವಾಗುತ್ತದೆ. ಆದ್ದರಿಂದ ಇದನ್ನು ಬೇರೆಯಾಗಿಯೇ ಬರೆಯಿರಿ.