ಪಾದ್ರಿಗಳಿಗೂ ದಣಿವಾಗುತ್ತದೆ

ಮೈಸೂರು ನೋಡಲು ಬಂದವರು ಅರಮನೆ, ಮೃಗಾಲಯ ಮುಗಿಸಿ ಸಂತ ಫಿಲೋಮಿನಾ ಚರ್ಚಿಗೂ ಒಮ್ಮೆ ಹೋಗಿ ಬರುತ್ತಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಚರ್ಚಿನ ಜೋಡಿ ಗೋಪುರಗಳ ಎತ್ತರ 175 ಅಡಿ. ಮಕ್ಕಳು ಕತ್ತೆತ್ತಿ ಗೋಪುರ ನೋಡುತ್ತಾರೆ, ನೆಲಮಾಳಿಗೆಗೆ ಇಳಿದು ಸಂತಳ ಪ್ರತಿಮೆ ನೋಡುತ್ತಾರೆ. ಇಂಥ ಚರ್ಚುಗಳ ಪಕ್ಕದ ಮನೆಯಲ್ಲಿ ವಾಸಿಸುವ ಬಿಳಿ ನಿಲುವಂಗಿಯ ಪಾದ್ರಿಗಳ ಬಗ್ಗೆ ಮಾತ್ರ ಯಾರೂ ಹೆಚ್ಚು ಯೋಚಿಸುವುದಿಲ್ಲ.

ಅವರ ದಿನ ನಸುಕಿನ ಬಲಿಪೂಜೆಯಿಂದ ಆರಂಭವಾಗುತ್ತದೆ. ಆಮೇಲೆ ಶಾಲೆಯ ಕೆಲಸ, ಆಸ್ಪತ್ರೆಯಲ್ಲಿರುವವರ ಭೇಟಿ, ಮದುವೆಯ ಮಾತುಕತೆ, ಸೋರುವ ಮಾಡಿನ ರಿಪೇರಿ, ಲೆಕ್ಕಪತ್ರ. ಮಧ್ಯರಾತ್ರಿ ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆಂದು ಕರೆ ಬಂದರೆ ಎದ್ದು ಹೋಗಬೇಕು. ಇವೆಲ್ಲಕ್ಕಿಂತ ಭಾರವಾದದ್ದು ಪಾಪನಿವೇದನೆ. ಅಲ್ಲಿ ಕಿವಿಗೆ ಬಿದ್ದದ್ದನ್ನು ಪಾದ್ರಿಯು ಯಾರಲ್ಲೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಊರಿನವರ ದುಃಖವೆಲ್ಲ ಒಬ್ಬರ ಎದೆಯೊಳಗೆ ಸೇರುತ್ತದೆ. ಅವರ ದುಃಖವನ್ನು ಕೇಳುವವರು ಯಾರು?

ಇದು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಎಂದುಕೊಳ್ಳಬೇಕಾಗಿಲ್ಲ. ಎಲ್ಲ ಜಾತಿ ಮತಗಳ ಮಕ್ಕಳೂ ಪಾದ್ರಿಗಳು ನಡೆಸುವ ಶಾಲೆಗಳಲ್ಲಿ ಓದುತ್ತಾರೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಕುಳಿತ ಫಾದರ್ ನಿದ್ರೆಗೆಟ್ಟು ಬೇಸತ್ತಿದ್ದರೆ ಅದರ ಬಿಸಿ ತಟ್ಟುವುದು ಎಂಟನೆಯ ತರಗತಿಯ ಹುಡುಗನಿಗೆ.

ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ತೂಕ ಹಾಕಿದರೆ ಹಿಗ್ಗುತ್ತದೆ, ತೆಗೆದರೆ ಮೊದಲಿನಂತಾಗುತ್ತದೆ. ಸ್ಥಿತಿಸ್ಥಾಪಕ ಮಿತಿಯನ್ನು ಮೀರಿ ಎಳೆದರೆ ಮಾತ್ರ ಮತ್ತೆ ಹಳೆಯ ಅಳತೆಗೆ ಬರುವುದಿಲ್ಲ. ಮನುಷ್ಯನ ದೇಹವೂ ಹೆಚ್ಚು ಕಡಿಮೆ ಹೀಗೆಯೇ. ಒತ್ತಡ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ, ನಾಡಿ ವೇಗವಾಗುತ್ತದೆ. ಒತ್ತಡ ಕಳೆದಾಗ ಎಲ್ಲವೂ ತಿಳಿಯಾಗಬೇಕು. ಒತ್ತಡ ಕಳೆಯುವುದೇ ಇಲ್ಲವಾದರೆ ನಿದ್ರೆ, ರಕ್ತದೊತ್ತಡ, ನೆನಪು, ತಾಳ್ಮೆ ಒಂದೊಂದಾಗಿ ಕೆಡುತ್ತವೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಸ್ಥಿತಿಗೆ ಬರ್ನ್‌ಔಟ್ ಎಂಬ ಹೆಸರು ಬಳಸಿದರು. ಅವರು ಅದನ್ನು ಕಂಡದ್ದು ಉಚಿತ ಚಿಕಿತ್ಸಾಲಯದಲ್ಲಿ ಪರರ ಸೇವೆಗೆಂದು ಬಂದ ಉತ್ಸಾಹಿಗಳಲ್ಲಿ! ಸೋಮಾರಿಗಳಿಗೆ ಈ ಕಾಟವಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು 2007ರಲ್ಲಿ ನಾರ್ತ್ ಕೆರೊಲಿನಾದ ಮೆಥಡಿಸ್ಟ್ ಪಾದ್ರಿಗಳ ಆರೋಗ್ಯಕ್ಕೆಂದೇ ಒಂದು ಯೋಜನೆ ಆರಂಭಿಸಿದರು. 1,700ಕ್ಕೂ ಹೆಚ್ಚು ಪಾದ್ರಿಗಳು ಪ್ರಶ್ನೆಗಳಿಗೆ ಉತ್ತರಿಸಿದರು. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅವರಲ್ಲಿ ಸುತ್ತಲಿನ ಜನರಿಗಿಂತ ಹೆಚ್ಚಾಗಿದ್ದವು. ಖಿನ್ನತೆ ನೂರಕ್ಕೆ ಸುಮಾರು 9 ಮಂದಿಯಲ್ಲಿತ್ತು; ದೇಶದ ಸರಾಸರಿ 5.5. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಷ್ಟು ಕಾಯಿಲೆಗಳಿದ್ದರೂ ತಮ್ಮ ದೈನಂದಿನ ಕೆಲಸಕ್ಕೆ ಆರೋಗ್ಯ ಅಡ್ಡಿಯಾಗುತ್ತಿಲ್ಲ ಎಂದು ಇತರರಿಗಿಂತ ಹೆಚ್ಚಾಗಿ ಹೇಳಿದವರೂ ಪಾದ್ರಿಗಳೇ. ದಣಿವನ್ನು ಒಪ್ಪಿಕೊಳ್ಳುವುದು ನಂಬಿಕೆಯ ಕೊರತೆ ಎನಿಸಿಬಿಡುತ್ತದೆಯೇನೋ.

ಅಮೆರಿಕದ ಮಾತು ಹಾಗಿರಲಿ. ಮೈಸೂರು ಸೀಮೆಯಲ್ಲೇ ಇದರ ಹಳೆಯ ಉದಾಹರಣೆಯಿದೆ. ಫ್ರಾನ್ಸಿನ ಅಬ್ಬೆ ದುಬಾಯ್ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಈ ದೇಶದ ಉಡುಗೆ ಉಟ್ಟು, ಇಲ್ಲಿಯ ಊಟ ಉಂಡು, ಸಿಡುಬಿಗೆ ಹೊಸದಾಗಿ ಬಂದಿದ್ದ ದೇವಿ ಹಾಕುವ ಪದ್ಧತಿಯನ್ನು ಹಳ್ಳಿಗಳಲ್ಲಿ ಹರಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. ಆದರೆ 31 ವರ್ಷಗಳ ಕೊನೆಗೆ, 1823ರಲ್ಲಿ ಹಡಗು ಹತ್ತುವಾಗ ಅವರ ಮನಸ್ಸು ಸೋತಿತ್ತು. ಅದೇ ವರ್ಷ ಅಚ್ಚಾದ ಅವರ ಪತ್ರಗಳ ತುಂಬ ತಮ್ಮ ಜೀವಮಾನದ ಕೆಲಸ ಫಲಿಸಲಿಲ್ಲವೆಂಬ ನಿರಾಶೆಯೇ ಇದೆ. ಮತಾಂತರದ ವಿಷಯದಲ್ಲಿ ಅವರು ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮೂರು ದಶಕ ದುಡಿದವರ ಬೇಸರವನ್ನು ಆಗಾಗ ಕುಳಿತು ಕೇಳುವ ಹಿರಿಯರೊಬ್ಬರು ಹತ್ತಿರದಲ್ಲಿ ಇದ್ದಿದ್ದರೆ ಆ ಪತ್ರಗಳ ಧಾಟಿ ಬೇರೆಯಾಗುತ್ತಿತ್ತೋ ಏನೋ.

ಅಂಥದೊಂದು ಕುಳಿತುಕೊಳ್ಳುವ ಜಾಗವನ್ನು ಮೈಸೂರಿನಲ್ಲಿ ಮಾಡಿದವರು ಡಿ.ಎಸ್. ಅಮಲೋರ್ಪವದಾಸ್. ತಮಿಳುನಾಡಿನಲ್ಲಿ 1932ರಲ್ಲಿ ಹುಟ್ಟಿದ ಈ ಪಾದ್ರಿಯ ಹೆಸರು ಕನ್ನಡಿಗರ ನಾಲಿಗೆಗೆ ತುಸು ಕಷ್ಟ. ಕನ್ನಡದ ಅಮಲೋದ್ಭವಿಯೇ ತಮಿಳಿನಲ್ಲಿ ಹಾಗಾಗಿದ್ದಾಳೆ, ಅವಳ ದಾಸ ಎಂದರೆ ಅರ್ಥವಾಗುತ್ತದೆ. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿ ಕೇಂದ್ರವನ್ನು ಸ್ಥಾಪಿಸಿ, ದೇಶದ ನಾನಾ ಕಡೆಯ ಪಾದ್ರಿಗಳಿಗೆ, ಸಿಸ್ಟರುಗಳಿಗೆ, ಶ್ರೀಸಾಮಾನ್ಯರಿಗೆ ತರಬೇತಿ ಕೊಟ್ಟರು. ನೆಲದ ಮೇಲೆ ಕುಳಿತು ಪ್ರಾರ್ಥಿಸುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಇವೆಲ್ಲ ಕಥೋಲಿಕ ಪೂಜೆಯೊಳಗೆ ಬರಬಹುದೆಂದು 1969ರಲ್ಲಿ ರೋಮಿನಿಂದ ಒಪ್ಪಿಗೆ ಸಿಕ್ಕಿದಾಗ ಅದರ ಹಿಂದೆ ಅವರ ದುಡಿಮೆಯಿತ್ತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗವನ್ನು ಕಟ್ಟಿದರು.

ಇಷ್ಟೆಲ್ಲ ತರಬೇತಿ ಕೊಟ್ಟವರಿಗೆ ತರಬೇತಿಯೊಂದೇ ಸಾಲದು ಎನಿಸಿರಬೇಕು. 1979ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಆರಂಭವಾಯಿತು. ಅಲ್ಲಿಗೆ ಬರುವ ಪಾದ್ರಿಗೆ ಉಪದೇಶ ಮಾಡುವ ಕೆಲಸವಿಲ್ಲ, ಸಹಿ ಹಾಕಬೇಕಾದ ಕಾಗದವಿಲ್ಲ. ಮೌನ, ಧ್ಯಾನ, ಉಸಿರಾಟದ ಕಡೆ ಗಮನ, ಸರಳ ಊಟ. ಊರಿನಲ್ಲಿ ಸದಾ ಎತ್ತರದ ಪೀಠದ ಬಳಿ ನಿಲ್ಲುವವರು ಇಲ್ಲಿ ಉಳಿದವರ ಜೊತೆ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ನಾಯಕತ್ವದ ಶಿಬಿರಗಳಲ್ಲಿ ಮಾತನಾಡುವ ಕಲೆಯನ್ನು ಕಲಿಸುವುದುಂಟು. ಇಲ್ಲಿ ಮೊದಲ ಪಾಠ ಸುಮ್ಮನಿರುವುದು. ಇದು ಕಷ್ಟದ ಪಾಠ, ಅದರಲ್ಲೂ ದಿನವಿಡೀ ಮಾತನಾಡುವವರಿಗೆ. (ಮೇಷ್ಟ್ರುಗಳಿಗೂ ಈ ಮಾತು ಅನ್ವಯಿಸುತ್ತದೆ!)

ಬರಿದೆ ಕುಳಿತರೆ ಏನಾದೀತು ಎಂದು ಕೇಳುವ ವಿದ್ಯಾರ್ಥಿಗಳಿಗೆ ಡ್ಯೂಕ್ ತಂಡದ ಮುಂದಿನ ಪ್ರಯೋಗ ಉತ್ತರವಾದೀತು. ಪಾದ್ರಿಗಳಿಗೆ ಒತ್ತಡ ತಗ್ಗಿಸುವ ಮೂರು ವಿಧಾನಗಳನ್ನು ಕಲಿಸಲಾಯಿತು. ಮೂರರಿಂದಲೂ ಒತ್ತಡದ ಲಕ್ಷಣಗಳು ಕಡಿಮೆಯಾದವು. ಅವುಗಳಲ್ಲಿ ಹೃದಯ ಬಡಿತದ ಅಳತೆಯಲ್ಲೂ ಸುಧಾರಣೆ ತೋರಿಸಿದ್ದು ಉಸಿರಿನ ಮೇಲೆ, ದೇಹದ ಮೇಲೆ ಗಮನವಿಟ್ಟು ಕೂರುವ ಅಭ್ಯಾಸ.

ಅಮಲೋರ್ಪವದಾಸ್ 1990ರ ಮೇ 25ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರವತ್ತೂ ತುಂಬಿರಲಿಲ್ಲ. ಎರಡು ವರ್ಷಗಳ ನಂತರ, 1992ರಲ್ಲಿ, ಪೋಪ್ ಎರಡನೆಯ ಜಾನ್ ಪಾಲರು ಪಾದ್ರಿಗಳ ತರಬೇತಿ ಕುರಿತು ಒಂದು ದೀರ್ಘ ಪತ್ರ ಹೊರಡಿಸಿದರು. ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಮತ್ತು ಜನಪಾಲನೆಯ ಎಂದು ತರಬೇತಿಗೆ ಅದರಲ್ಲಿ ನಾಲ್ಕು ಮುಖಗಳು. ಮಾನವೀಯ ತರಬೇತಿಯೇ ಉಳಿದವಕ್ಕೆ ಬುನಾದಿ ಎಂದೂ, ಗುರುದೀಕ್ಷೆಯ ದಿನಕ್ಕೆ ಕಲಿಕೆ ಮುಗಿಯುವುದಿಲ್ಲ, ನಡುವಯಸ್ಸಿನವರಿಗೂ ವೃದ್ಧರಿಗೂ ಅದು ಬೇಕೆಂದೂ ಅದರಲ್ಲಿದೆ. ಪಿಯುಸಿ ಮುಗಿಸಿದ ಮಗ ಪಾದ್ರಿಯಾಗುತ್ತೇನೆಂದರೆ ಅವನ ಮುಂದೆ ತತ್ವಶಾಸ್ತ್ರ, ದೇವಶಾಸ್ತ್ರವೆಂದು ಹಲವು ವರ್ಷಗಳ ಗುರುಮಠದ ಓದಿರುತ್ತದೆ. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದವನಿಗೆ ಸಿಟ್ಟು ನುಂಗುವುದು, ಸಹಾಯ ಕೇಳುವುದು ತಾನಾಗಿ ಬರುವುದಿಲ್ಲ. ತಂದೆತಾಯಿ ಅಲ್ಲಿ ವಿಚಾರಿಸಬೇಕಾದದ್ದು ಇದನ್ನು.

ಪ್ರಾಟೆಸ್ಟೆಂಟ್ ಸಭೆಗಳ ಅಯ್ಯನವರಿಗೆ ಹೆಂಡತಿ ಮಕ್ಕಳ ಆಸರೆಯಿರುತ್ತದೆ, ನಿಜ. ಆದರೆ ವರ್ಗಾವಣೆಯಾದಾಗ ಹೊರೆ ಅವರ ಮೇಲೂ ಬೀಳುತ್ತದೆ. ಹೊಸ ಊರು, ಹೊಸ ಶಾಲೆ, ಮತ್ತೆ ಮೊದಲಿನಿಂದ ಗೆಳೆಯರು. ಸರ್ಕಾರಿ ನೌಕರರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಿಹಾರದ ಕೆಲವು ದಾರಿಗಳು ನಿಯಮದಲ್ಲೇ ಇವೆ. 1983ರ ಕಥೋಲಿಕ ಧರ್ಮಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು, ಅದರಲ್ಲಿ ಭಕ್ತರು ಪಾದ್ರಿಗೆ ನೆರವಾಗಬೇಕು. ನಿವೃತ್ತ ಬ್ಯಾಂಕ್ ನೌಕರರೊಬ್ಬರು ವಾರಕ್ಕೆರಡು ಸಂಜೆ ಬಂದು ಲೆಕ್ಕ ಬರೆದುಕೊಟ್ಟರೆ ಆ ಎರಡು ಸಂಜೆ ಪಾದ್ರಿಗೆ ಉಳಿದಂತೆ. ಕೆಲಸ ಹಂಚಲು ಕಲಿಯುವುದೂ ನಾಯಕತ್ವವೇ ತಾನೆ? ಅದೇ ಸಂಹಿತೆ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳ ರಜೆಯನ್ನು ಕೊಡುತ್ತದೆ; ವಾರ್ಷಿಕ ಧ್ಯಾನಕೂಟದ ದಿನಗಳು ಅದರಲ್ಲಿ ಸೇರುವುದಿಲ್ಲ. ಆ ತಿಂಗಳಿನಲ್ಲಿ ಭಾನುವಾರದ ಪೂಜೆಗೆ ಇನ್ನೊಬ್ಬ ಪಾದ್ರಿಯನ್ನು ಹೊಂದಿಸಬೇಕು, ಮನೆಯ ಗೃಹಪ್ರವೇಶಕ್ಕೆ ನಮ್ಮ ಫಾದರೇ ಬರಬೇಕೆಂದು ಹಟ ಹಿಡಿಯುವವರು ಸ್ವಲ್ಪ ತಡೆಯಬೇಕು.