ಚಿಪ್ ಸತ್ತಿರಲಿಲ್ಲ, ಟಾಂಕಿ ತುಂಬಿತ್ತು!

ನಮ್ಮದು ಗುಡ್ಡದ ಬುಡದ ಅಡಿಕೆ ತೋಟ. ನೀರಿಗೆ ಇರುವುದು ಒಂದೇ ಬಾವಿ. ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಟಾರ್ಚು ಹಿಡ್ಕೊಂಡು ಪಂಪುಶೆಡ್ಡಿಗೆ ಓಡುವುದು ಸಾಕಾಗಿ ಮೂರು ವರ್ಷದ ಹಿಂದೆ ಒಂದು ನಿಯಂತ್ರಕ ಮಾಡಿಕೊಂಡೆ. ಅಳಿಯ ಹೇಳಿಕೊಟ್ಟ, ನಾನು ಬೆಸುಗೆ ಹಾಕಿದೆ. ಕರೆಂಟು ಬಂದರೆ ಪಂಪು ಚಾಲೂ, ಗುಡ್ಡದ ಮೇಲಿನ ಟಾಂಕಿ ತುಂಬಿದರೆ ಬಂದ್. ಇದರ ಮಿದುಳು ಎಟಿಮೆಗಾ328ಪಿ ಎಂಬ 28 ಕಾಲಿನ ಚಿಪ್. ಹವ್ಯಾಸಿಗಳು ಬಳಸುವ ಆರ್ಡುಯಿನೊ ಊನೋ ಬೋರ್ಡಿನಲ್ಲಿ ಇರುವುದೂ ಇದೇ.

ಈ ಬೇಸಿಗೆಯಲ್ಲಿ ಬಾವಿಯ ಒರತೆ ಸಣ್ಣದಾಯ್ತು. ಟಾಂಕಿ ತುಂಬುವ ಮೊದಲೇ ಪಂಪು ಗಾಳಿ ಎಳೆಯತೊಡಗಿತು. ಹೀಗೇ ಬಿಟ್ಟರೆ ಮೋಟಾರು ಸುಡುತ್ತದೆ. ಅರ್ಧ ಗಂಟೆ ಪಂಪು, ಒಂದು ಗಂಟೆ ವಿರಾಮ ಅಂತ ಪ್ರೋಗ್ರಾಂ ಬದಲಿಸಬೇಕು. ಅಲ್ಲಿವರೆಗೆ ರಾತ್ರಿ ಕಾವಲು ಪುನಃ ನನಗೇ.

ಕೀಳದೆ ಬರೆಯುವುದು

ಚಿಪ್ಪಿಗೆ ಮೊದಲು ಸಾಕೆಟ್ ಇತ್ತು. ಮಳೆಗಾಲದ ತೇವಕ್ಕೆ ಅದು ಕಿಲುಬು ಹಿಡಿಯಿತೆಂದು ಚಿಪ್ಪನ್ನೇ ನೇರ ಬೆಸೆದಿದ್ದೆ. ಹಾಗಾಗಿ ಇದ್ದಲ್ಲಿಯೇ ಬರೆಯಬೇಕು. ಅದಕ್ಕೆ ಇನ್ನೊಂದು ಊನೋ ಬೋರ್ಡು ಸಾಕು. ಅದರೊಳಗೆ 'ಆರ್ಡುಯಿನೊ ಐಎಸ್‌ಪಿ' ಎಂಬ ಪ್ರೋಗ್ರಾಂ ತುಂಬಿದರೆ ಅದೇ ಬರೆಯುವ ಯಂತ್ರವಾಗುತ್ತದೆ. ಊನೋದ 11, 12, 13ನೇ ಪಿನ್ನುಗಳನ್ನು ಚಿಪ್ಪಿನ 17, 18, 19ನೇ ಕಾಲುಗಳಿಗೆ, 10ನೇ ಪಿನ್ನನ್ನು ಚಿಪ್ಪಿನ ಮೊದಲನೇ ಕಾಲಿಗೆ ಕೊಡಬೇಕು. ಜತೆಗೆ 5 ವೋಲ್ಟ್ ಮತ್ತು ಗ್ರೌಂಡ್. ಪ್ರೋಗ್ರಾಂ ತುಂಬಿದ ನಂತರ ಊನೋದ ರಿಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಮಾತಾಡಿಸಿದ ಕೂಡಲೇ ಊನೋ ತಾನೇ ರಿಸೆಟ್ ಆಗಿಬಿಡುತ್ತದೆ.

ಎಲ್ಲಾ ಸರಿಯೇ ಮಾಡಿದ್ದೆ. ಬರೆಯುವ ಮೊದಲು ಕಂಪ್ಯೂಟರ್ ಚಿಪ್ಪಿನ ಗುರುತಿನ ಸಂಖ್ಯೆ ಕೇಳುತ್ತದೆ. 328ಪಿ ಆದರೆ '1ಇ 95 0ಎಫ್' ಬರಬೇಕು. ನನಗೆ ಬಂದದ್ದು ಬರೀ ಸೊನ್ನೆ. ವಯರು ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ. ಪುನಃ ಸೊನ್ನೆ. ಹಿಂದಿನ ವಾರ ಸಿಡಿಲು ಬಡಿದದ್ದು ನೆನಪಾಯಿತು. ಚಿಪ್ ಹೋಯ್ತು ಅಂತಲೇ ತೀರ್ಮಾನ ಮಾಡಿದೆ. ಆದ್ರೆ ಒಂದು ಸಂಶಯ: ಸತ್ತ ಚಿಪ್ ನಿನ್ನೆ ರಾತ್ರಿ ಪಂಪು ನಡೆಸಿದ್ದು ಹೇಗೆ?

ಸಂಜೆ ಸಿಕ್ಕ ಸುಳಿವು

ಸಂಜೆ ಗೇಟ್‌ವಾಲ್ವ್ ತಿರುಗಿಸಿ ತೋಟಕ್ಕೆ ನೀರು ಬಿಟ್ಟು ಬಂದು ಇನ್ನೊಮ್ಮೆ ನೋಡಿದೆ. ಈಗ ಸೊನ್ನೆ ಇಲ್ಲ! ಆದರೆ ಪ್ರತಿ ಸಲ ಬೇರೆ ಬೇರೆ ಸಂಖ್ಯೆ. ಅಳಿಯನಿಗೆ ಫೋನು ಮಾಡಿದೆ. "ಮಾವಾ, 18ನೇ ಕಾಲಿಗೆ ಬೇರೆ ಎಂತ ಕಟ್ಟಿದ್ದೀರಿ?" ಅಂತ ಕೇಳಿದ.

ಆಗ ಹೊಳೆಯಿತು. ಟಾಂಕಿಯ ಫ್ಲೋಟ್ ಸ್ವಿಚ್ಚಿನ ವಯರು ಬರುವುದು ಆ ಕಾಲಿಗೇ. ಚಿಪ್ ಉತ್ತರ ಹೇಳುವುದೂ ಅದೇ ಕಾಲಿನಿಂದ. ಟಾಂಕಿ ತುಂಬಿದರೆ ಸ್ವಿಚ್ಚು ಅದನ್ನು ಗ್ರೌಂಡಿಗೆ ಸೇರಿಸುತ್ತದೆ. ಅಂದರೆ ಚಿಪ್ ಮಾತಾಡುತ್ತಿತ್ತು, ಬಾಯಿ ಮುಚ್ಚಿದ್ದವ ನಾನೇ! ನೀರು ಇಳಿದಾಗ ಸ್ವಿಚ್ಚು ಬಿಟ್ಟಿತು. ಮತ್ತೆ ಯಾಕೆ ತಪ್ಪು ಸಂಖ್ಯೆ? ಉದ್ದ ವಯರಿನ ತೊಂದರೆ ತಡೆಯಲೆಂದು ಅದೇ ಕಾಲಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೆ. ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಏರಿಳಿಯುವ ಸಂಕೇತವನ್ನು ಅದು ನುಂಗುತ್ತಿತ್ತು.

ಫ್ಲೋಟಿನ ವಯರು ಕಳಚಿದೆ. ಕೆಪಾಸಿಟರಿನ ಒಂದು ಕಾಲು ಬಿಡಿಸಿದೆ. 1ಇ 95 0ಎಫ್! ಮೂರು ಸಲ ಕೇಳಿದರೂ ಅದೇ. ಹೊಸ ಪ್ರೋಗ್ರಾಂ ಮೊದಲ ಯತ್ನದಲ್ಲೇ ಕೂತಿತು. ಅದರಲ್ಲಿ ಫ್ಲೋಟನ್ನು 23ನೇ ಕಾಲಿಗೆ, ಅಂದರೆ ಎ0 ಪಿನ್ನಿಗೆ ಬದಲಿಸಿದ್ದೆ. ವಯರು, ಕೆಪಾಸಿಟರ್ ಎರಡನ್ನೂ ಅಲ್ಲಿಗೇ ಬೆಸೆದೆ. ಇನ್ನು ಟಾಂಕಿ ತುಂಬಿರಲಿ, ಖಾಲಿ ಇರಲಿ, ಬರೆಯಲು ಅಡ್ಡಿಯಿಲ್ಲ.

ನೀವು ಮಾಡುವುದಾದರೆ

* ಮೊದಲು ಮೋಟಾರಿನ ಮೈನ್ ಸ್ವಿಚ್ ತೆಗೆಯಿರಿ, ಫ್ಯೂಸೂ ಕೀಳಿರಿ. ಬರೆಯುವಾಗ ಚಿಪ್ಪಿನ ಕಾಲುಗಳು ಪ್ರೋಗ್ರಾಮಿನ ಹಿಡಿತದಲ್ಲಿ ಇರುವುದಿಲ್ಲ. ರಿಲೇ ತಾನಾಗಿ ಎಳೆದರೆ ಪಂಪು ಚಾಲೂ ಆದೀತು.
* ನಿಯಂತ್ರಕದ ಸ್ವಂತ ಸಪ್ಲೈ ತಪ್ಪಿಸಿ, ಊನೋದ 5 ವೋಲ್ಟ್ ಮಾತ್ರ ಕೊಡಿ. ರಿಲೇಯನ್ನೂ ಕಳಚಿಡಿ.
* ಬರೆಯುವ ವಯರುಗಳು ಗೇಣಿಗಿಂತ ಉದ್ದ ಬೇಡ.
* ಉತ್ತರ ಬಾರದಿದ್ದರೆ ಕರೆಂಟು ಪೂರ್ತಿ ತೆಗೆದು 17, 18, 19ನೇ ಕಾಲು ಮತ್ತು ಗ್ರೌಂಡಿನ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಸೊನ್ನೆ ಓಮ್ ತೋರಿಸಿದರೆ ಅಲ್ಲೇ ಕಳ್ಳ.
* '1ಇ 95 14' ಬಂದರೆ ಹೆದರಬೇಡಿ. ಅದು 'ಪಿ' ಇಲ್ಲದ 328. ಕಂಪ್ಯೂಟರಿನಲ್ಲಿ ಚಿಪ್ಪಿನ ಹೆಸರು ಸರಿಪಡಿಸಿದರೆ ಸಾಕು.
* ಹೊಸದಾಗಿ ಬೋರ್ಡು ಮಾಡುವವರು ಈ ಮೂರು ಕಾಲುಗಳನ್ನು ಖಾಲಿ ಬಿಡಿ. ನಾನು ಅಂದೇ ಬಿಟ್ಟಿದ್ದರೆ ಈ ಲೇಖನ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಮರ ಸೊರಗಿದರೆ ನಾವು ಬುಡ ಬಿಡಿಸಿ ನೋಡದೆ ಕಡಿಯುವುದಿಲ್ಲ ತಾನೆ? ಚಿಪ್ಪಿಗೂ ಅಷ್ಟು ಮರ್ಯಾದೆ ಕೊಡಿ. ಈಗ ನನ್ನ ಪಂಪು ಅರ್ಧ ಗಂಟೆ ಓಡಿ, ಒಂದು ಗಂಟೆ ಬಾವಿಗೆ ಉಸಿರಾಡಲು ಬಿಡುತ್ತದೆ. ನನಗೂ ರಾತ್ರಿ ನಿದ್ದೆ ಬರುತ್ತಿದೆ.