ಸವ್ಯಸಾಚಿಗಳಿಗೊಂದು ಆಟ

ಅರ್ಜುನನ ಹತ್ತು ಹೆಸರುಗಳಲ್ಲಿ ಸವ್ಯಸಾಚಿ ಎಂಬುದೂ ಒಂದು. ಬಲಗೈಯಷ್ಟೇ ಸಲೀಸಾಗಿ ಎಡಗೈಯಿಂದಲೂ ಬಾಣ ಬಿಡಬಲ್ಲವನು ಎಂದು ಅದರ ಅರ್ಥ. ಎರಡು ಕೈಗಳಿಗೂ ಬೇರೆ ಬೇರೆ ಕೆಲಸ ಕೊಟ್ಟು, ಮನಸ್ಸನ್ನು ಮಾತ್ರ ಒಂದೇ ಕಡೆ ನಿಲ್ಲಿಸುವ ಈ ವಿದ್ಯೆಯನ್ನು ಇಂದು ನಮ್ಮ ಎಷ್ಟೋ ಹುಡುಗ ಹುಡುಗಿಯರು ಟಿ.ವಿ. ಮುಂದೆ ಕುಳಿತು ಕಲಿಯುತ್ತಿದ್ದಾರೆ. ಅದೇ ‘ಟ್ವಿನ್-ಸ್ಟಿಕ್ ಶೂಟರ್’ ಎಂಬ ಜಾತಿಯ ವಿಡಿಯೋ ಗೇಮ್. ಹೆಸರು ಕೇಳಿ ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ತರುಣ ಮಿತ್ರರೇ, ಈ ಆಟಕ್ಕೊಂದು ಚರಿತ್ರೆಯಿದೆ, ಒಂದು ವಿಚಾರವೂ ಇದೆ. ಸ್ವಲ್ಪ ನೋಡೋಣ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗಾಗಿ ಅಲೆಯದ ಹೈದರಾಬಾದಿನ ಮನೆ ಅಪರೂಪ. ನಿಮ್ಮ ಅಪ್ಪ, ಚಿಕ್ಕಪ್ಪಂದಿರು 1990ರ ದಶಕದಲ್ಲಿ ಆಡಿದ ಟಿ.ವಿ. ಗೇಮುಗಳನ್ನು ನೆನಪಿಸಿಕೊಳ್ಳಲು ಹೇಳಿ. ಮಾರಿಯೊ, ಕಾಂಟ್ರಾ ಎನ್ನುತ್ತಲೇ ಅವರ ಮುಖ ಅರಳುತ್ತದೆ. ಆ ಯಂತ್ರಗಳಲ್ಲಿ ಎಡಗಡೆ ದಿಕ್ಕಿನ ಗುಂಡಿ, ಬಲಗಡೆ ಹಾರುವುದಕ್ಕೊಂದು, ಹೊಡೆಯುವುದಕ್ಕೊಂದು ಗುಂಡಿ. ಕಾಂಟ್ರಾದಲ್ಲಿ ದಿಕ್ಕಿನ ಗುಂಡಿ ಒತ್ತಿದ ಕಡೆಗೇ ಓಟ, ಆ ಕಡೆಗೇ ಗುಂಡು. ಬೆನ್ನ ಹಿಂದಿನ ಶತ್ರುವನ್ನು ಹೊಡೆಯಬೇಕಾದರೆ ಓಡುವುದನ್ನು ಬಿಟ್ಟು ಅವನ ಕಡೆಗೇ ತಿರುಗಬೇಕು. ಓಡುವ ದಿಕ್ಕು ಬೇರೆ, ಹೊಡೆಯುವ ದಿಕ್ಕು ಬೇರೆ ಆಗಬಾರದೇಕೆ?

ಈ ಪ್ರಶ್ನೆಗೆ ಉತ್ತರ ಅಮೆರಿಕದಲ್ಲಿ ಅದಕ್ಕೂ ಮೊದಲೇ ಸಿಕ್ಕಿತ್ತು. 1982ರಲ್ಲಿ ವಿಲಿಯಮ್ಸ್ ಕಂಪನಿ ‘ರೊಬೊಟ್ರಾನ್: 2084’ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದನ್ನು ರೂಪಿಸಿದವರು ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್. ಕಾರು ಅಪಘಾತದಲ್ಲಿ ಜಾರ್ವಿಸ್ ಅವರ ಕೈಗೆ ಪೆಟ್ಟಾಗಿ ಕಟ್ಟು ಹಾಕಲಾಗಿತ್ತು. ಗುಂಡಿ ಒತ್ತುವುದು ಕಷ್ಟವಾದಾಗ, ಗುಂಡಿಯ ಬದಲು ಇನ್ನೊಂದು ಹಿಡಿಯನ್ನೇ ಇಟ್ಟರೆ ಹೇಗೆ ಎಂಬ ಯೋಚನೆ ಬಂತು. ಎಡ ಹಿಡಿಯಿಂದ ಎಂಟು ದಿಕ್ಕಿಗೆ ನಡೆಯುವುದು, ಬಲ ಹಿಡಿಯಿಂದ ಎಂಟು ದಿಕ್ಕಿಗೆ ಹೊಡೆಯುವುದು. ನೋವಿನಿಂದ ಹುಟ್ಟಿದ ಈ ಉಪಾಯ ಒಂದು ಹೊಸ ಪರಂಪರೆಯನ್ನೇ ಹುಟ್ಟುಹಾಕಿತು.

ಕಥೆಯೂ ಸ್ವಾರಸ್ಯಕರವಾದದ್ದು. 2084ನೇ ಇಸವಿಯಲ್ಲಿ ಯಂತ್ರಮಾನವರು ಮನುಷ್ಯರ ಮೇಲೆ ತಿರುಗಿಬಿದ್ದಿದ್ದಾರೆ. ಕೊನೆಗೆ ಉಳಿದದ್ದು ಒಂದೇ ಒಂದು ಕುಟುಂಬ: ತಾಯಿ, ತಂದೆ, ಮಗ. ಅವರನ್ನು ಒಬ್ಬೊಬ್ಬರಾಗಿ ಮುಟ್ಟಿ ಕಾಪಾಡಬೇಕು. ಮೊದಲನೆಯವರಿಗೆ 1000 ಅಂಕ, ಎರಡನೆಯವರಿಗೆ 2000, ಹೀಗೆ ಏರುತ್ತಾ 5000ದವರೆಗೆ. ಹಲ್ಕ್ ಎಂಬ ದೈತ್ಯರನ್ನು ಕೊಲ್ಲಲಾಗದು, ಸ್ವಲ್ಪ ಹಿಂದಕ್ಕೆ ತಳ್ಳಬಹುದು ಅಷ್ಟೆ. ಅವರು ಮನುಷ್ಯರನ್ನು ತುಳಿದುಹಾಕುತ್ತಾರೆ. ಆದ್ದರಿಂದ ಪ್ರತಿ ಕ್ಷಣವೂ ಒಂದು ತೀರ್ಮಾನ: ನನ್ನನ್ನು ಉಳಿಸಿಕೊಳ್ಳಲೋ, ಆ ಮೂಲೆಯಲ್ಲಿರುವ ತಾಯಿಯನ್ನು ಉಳಿಸಲೋ?

ಮನೆಗಳಿಗೆ ಈ ಆಟ ಬರಲು ಎರಡು ಹೆಬ್ಬೆರಳಿಗೂ ಒಂದೊಂದು ಪುಟ್ಟ ಹಿಡಿ ಬೇಕಿತ್ತು. 1997ರಲ್ಲಿ ಸೋನಿ ಕಂಪನಿ ಪ್ಲೇಸ್ಟೇಷನ್‌ಗಾಗಿ ಅಂಥ ಕಂಟ್ರೋಲರ್ ತಂದಿತು. 2003ರಲ್ಲಿ ಒಂದು ಕಾರ್ ರೇಸ್ ಆಟದೊಳಗೆ ತಮಾಷೆಗೆಂದು ಅಡಗಿಸಿಟ್ಟಿದ್ದ ‘ಜಾಮೆಟ್ರಿ ವಾರ್ಸ್’ 2005ರಲ್ಲಿ ಸ್ವತಂತ್ರ ಆಟವಾಗಿ ಬಂದು ಜನಪ್ರಿಯವಾಯಿತು. ಅದರ 2008ರ ಎರಡನೇ ಆವೃತ್ತಿಯಲ್ಲಿ ‘ಪ್ಯಾಸಿಫಿಸಂ’ ಎಂಬ ವಿಭಾಗವಿದೆ. ಅಲ್ಲಿ ಗುಂಡೇ ಇಲ್ಲ! ಬೆನ್ನಟ್ಟಿ ಬರುವವರನ್ನು ಹಿಂದೆ ಕಟ್ಟಿಕೊಂಡು ಬಾಗಿಲುಗಳ ನಡುವೆ ನುಸುಳಿಕೊಂಡು ಹೋಗುವ ಜಾಣತನವೇ ಆಯುಧ. 2017ರಲ್ಲಿ ಫಿನ್ಲೆಂಡಿನ ಹೌಸ್‌ಮಾರ್ಕ್ ಸಂಸ್ಥೆ ಅದೇ ಜಾರ್ವಿಸ್ ಅವರನ್ನು ಜೊತೆಗೆ ಸೇರಿಸಿಕೊಂಡು ‘ನೆಕ್ಸ್ ಮಷಿನಾ’ ಮಾಡಿತು. ಇಲ್ಲಿಯೂ ಮನುಷ್ಯರನ್ನು ಕಾಪಾಡಬೇಕು. ವಿಮರ್ಶಕರು ಮೆಚ್ಚಿದರೂ ಮಾರಾಟ ಸಾಲದೆ, ಇಂಥ ಆಟಗಳ ಕಾಲ ಮುಗಿಯಿತೆಂದು ಸಂಸ್ಥೆ ಅದೇ ವರ್ಷ ಸಾರಿತು. ಆದರೆ ಆಡುವವರು ಬಿಟ್ಟಿಲ್ಲ.

ಹೊಸದಾಗಿ ಆಡುವವರಿಗೆ ನಾಲ್ಕು ಮಾತು. ನಿಮ್ಮ ಪುಟ್ಟ ವೀರನನ್ನೇ ದಿಟ್ಟಿಸಬೇಡಿ. ಇಡೀ ಪರದೆಯನ್ನು ನೋಡಿ, ಅವನು ಕಣ್ಣಂಚಿನಲ್ಲಿರಲಿ. ಮೂಲೆ ಸುರಕ್ಷಿತವೆಂದು ತೋರುತ್ತದೆ, ಆದರೆ ಅಭಿಮನ್ಯುವಿಗೆ ಆದ ಗತಿ ಅಲ್ಲಿಯೇ ಆಗುವುದು. ಒಳಗೆ ಹೋಗುವ ಮೊದಲು ಹೊರಗೆ ಬರುವ ದಾರಿ ನೋಡಿಕೊಳ್ಳಿ. ಸುತ್ತು ಹಾಕುತ್ತಾ ಓಡಿದರೆ ಶತ್ರುಗಳೆಲ್ಲ ಒಂದೇ ಗುಂಪಾಗಿ ಹಿಂದೆ ಬೀಳುತ್ತಾರೆ. ಕೊನೆಯದಾಗಿ, ಹೋಗಬೇಕಾದ ದಾರಿಯನ್ನು ಮೊದಲು ಗುಂಡಿನಿಂದ ತೆರವು ಮಾಡಿಕೊಂಡು ಆಮೇಲೆ ಕಾಲಿಡಿ.

ಹಿರಿಯರ ಆಕ್ಷೇಪಣೆಯಲ್ಲೂ ಸತ್ಯವಿದೆ. ಈ ಪರದೆಗಳಲ್ಲಿ ಬೆಳಕು ಬಹಳ ವೇಗವಾಗಿ ಮಿನುಗುತ್ತದೆ. ಮೂರ್ಛೆರೋಗವಿರುವವರಲ್ಲಿ ಕೆಲವರಿಗೆ ಅದು ಅಪಾಯಕಾರಿ. ಅಂಥವರು ವೈದ್ಯರನ್ನು ಕೇಳದೆ ಆಡಬಾರದು. ಹೆಬ್ಬೆರಳು, ಮಣಿಕಟ್ಟು ನೋಯತೊಡಗಿದರೆ ಬಿಟ್ಟೇಳಿ. ‘ಇನ್ನೊಂದೇ ಆಟ’ ಎನ್ನುವುದಕ್ಕೆ ಕೊನೆಯಿಲ್ಲ. ಆಟ ಶುರುವಾಗುವ ಮೊದಲೇ ಇಷ್ಟು ಹೊತ್ತು ಎಂದು ಗಡಿಯಾರ ನೋಡಿ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ಕಡೆ, ಇದು ಬರಿಯ ಕಾಲಹರಣ ಎನ್ನುವುದೂ ಪೂರ್ತಿ ಸರಿಯಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿಯನ್ನು ರೂಪಿಸಿತು. ಚಿತ್ರ ಬರೆಯುವವರಿಗೆ, ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ, ಕಥೆ ಹೇಳುವವರಿಗೆ ಅಲ್ಲಿ ಕೆಲಸವಿದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬೀದರ್, ಗುಲ್ಬರ್ಗಾ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಓದಿಗೆ, ನೌಕರಿಗೆ ಬಂದ ಹಿರಿಯರು ಇಲ್ಲಿ ಕನ್ನಡವನ್ನು ಬಿಡಲಿಲ್ಲ. ಕೋಠಿಗೆ ಹತ್ತಿರದ ಕಾಚಿಗುಡದಲ್ಲಿರುವ ನೃಪತುಂಗ ಶಾಲೆಯೇ ಅದಕ್ಕೆ ಸಾಕ್ಷಿ. ಅವರ ಮೊಮ್ಮಕ್ಕಳಾದ ನೀವು ಅಂಗಡಿಯಲ್ಲಿ ‘ನಕ್ಕೊ’ ಎನ್ನುತ್ತೀರಿ, ಗೆಳೆಯರೊಡನೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಉಳಿದಿರುವುದು ‘ಊಟ ಆಯ್ತಾ’, ‘ದೇವರಿಗೆ ಕೈ ಮುಗಿ’ ಎಂಬಷ್ಟಕ್ಕೆ. ನಿಮಗೆ ಬಹಳ ಇಷ್ಟವಾದ ಸಂಗತಿಯನ್ನು ಕನ್ನಡದಲ್ಲಿ ಹೇಳಿ ಎಂದರೆ ತಡವರಿಸುತ್ತೀರಿ. ಇಷ್ಟವಾದದ್ದನ್ನು ಹೇಳಲು ಬಾರದ ಭಾಷೆ ಎಷ್ಟು ದಿನ ಬಾಳೀತು? ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುವ ಬೆಳ್ಳಿ ಬಟ್ಟಲಿನಂತಾದೀತು.

ಇದಕ್ಕೆ ಭಾಷಣಗಳು ಬೇಕಿಲ್ಲ. ಪದಗಳು ಕೈಗೆಟುಕುವಷ್ಟರಲ್ಲೇ ಇವೆ: ಗುರಿ, ದಾಳಿ, ಸುತ್ತುವರಿ, ತಪ್ಪಿಸಿಕೊ, ಹೊಂಚು, ಅಲೆ, ಹಂತ. ಲಗೋರಿಯ ಮಾತು, ಮಹಾಭಾರತದ ಮಾತು ಎರಡೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಸಿಗದ ಕಡೆ ಇಂಗ್ಲಿಷ್ ಪದವನ್ನೇ ಹಾಕಿ, ಯಾರೂ ಬೈಯುವುದಿಲ್ಲ. ಮುಂದಿನ ಭಾನುವಾರ ಅಜ್ಜಿಯನ್ನೋ ತಾತನನ್ನೋ ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಆಡಿ. ಯಾರು ಯಾರನ್ನು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಯಾರನ್ನು ಕಾಪಾಡಬೇಕು ಎಂದು ಕನ್ನಡದಲ್ಲಿ ವಿವರಿಸಿ. ಅವರು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಆಮೇಲೆ ಅದನ್ನೇ ಅರ್ಧ ಪುಟ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳಬಹುದು. ಬರೆಯದಿದ್ದರೆ ತಿದ್ದಲು ಏನಿರುತ್ತದೆ?